ಕೆಳಗಿನಿಂದ ಮೇಲಕ್ಕೆ ಓದುವ ಕಾಳಗ

ರಾಜಾಜಿನಗರ, ವಿಜಯನಗರದ ಮಂದಿ ಮೈಸೂರಿನತ್ತ ಹಳೆಯ ರಸ್ತೆ ಹಿಡಿದರೆ ಕೆಂಗೇರಿ ದಾಟಬೇಕು. ಆ ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ ಎಲ್ಲರಿಗೂ ಗೊತ್ತು. ಯುದ್ಧವನ್ನು ಚೌಕಟ್ಟಿನಲ್ಲಿ ಕೂರಿಸಿ ಕಥೆ ಹೇಳುವ ಕಲೆಯೂ ಇದೇ ದಾರಿಯ ಇಕ್ಕೆಲದಲ್ಲಿ ಬೆಳೆದದ್ದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಯುದ್ಧವನ್ನು ಮೇಜಿನ ಮೇಲೆ ಆಡುವ ಚಟ ಯುರೋಪಿನದು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಭೂಪಟ, ದಾಳ, ಪುಟ್ಟ ಬಿಲ್ಲೆಗಳನ್ನು ಬಳಸಿ ಅಧಿಕಾರಿಗಳ ತರಬೇತಿಗೆ ‘ಕ್ರೀಗ್ಸ್‌ಶ್ಪೀಲ್’ ಎಂಬ ಆಟ ಸಿದ್ಧಪಡಿಸಿದ. ಈಗಿನ ಹವ್ಯಾಸಿಗಳು ಅಂಥ ಆಟದ ಒಂದೊಂದು ನಡೆಯನ್ನೂ ಕಾಮಿಕ್ಸ್ ಮಾಡಿ ಖುಷಿಪಡುತ್ತಾರೆ. ಕನ್ನಡ ನಾಡಿನ ಕಲ್ಲುಕುಟಿಗರ ಮುಂದೆ ಇದ್ದದ್ದು ಆಟವಲ್ಲ, ಊರಿನ ಹೆಣ. ಅವರು ಕೆತ್ತಿದ್ದು ವೀರಗಲ್ಲು.

ಕಾಮಿಕ್ಸನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ವೀರಗಲ್ಲಿನ ಕ್ರಮ ತಿರುಗುಮುರುಗು. ಮೂರು ಪಟ್ಟಿಕೆಯ ಕಲ್ಲಾದರೆ ತೀರ ಕೆಳಗಿನದರಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಕೊನೆ. ಪಟ್ಟಿಕೆಗಳ ನಡುವಿನ ಸಪಾಟು ಅಂಚಿನಲ್ಲಿ ಅಕ್ಷರ: ಯಾರು, ಯಾವ ದೊರೆಯ ಕಾಲದಲ್ಲಿ, ಯಾವ ಕಾಳಗದಲ್ಲಿ ಸತ್ತ, ಮನೆಯವರಿಗೆ ಏನು ದಕ್ಕಿತು. ಚಿತ್ರಕ್ಕೂ ತನ್ನದೇ ವ್ಯಾಕರಣವಿದೆ. ವೀರ ದೊಡ್ಡವನು, ಎದುರಾಳಿಗಳು ಸಣ್ಣವರು. ಸಾಲಾಗಿ ದನಗಳಿದ್ದರೆ ಅದು ತುರುಗೋಳು, ಅಂದರೆ ದನಗಳಿಗಾಗಿ ನಡೆದ ಕಾಳಗ. ಹೆಣ್ಣಿನ ಆಕೃತಿಯಿದ್ದರೆ ಪೆಣ್ಬುಯ್ಯಲ್, ಅಂದರೆ ಹೆಣ್ಣಿನ ಮೊರೆ ಕೇಳಿ ಕಾದಿದ್ದು. ಹಂದಿ, ಹುಲಿ ಇದ್ದರೆ ಬೇಟೆ. ಓದಲು ಬಾರದ ಗೌಡನ ಮಗನಿಗೂ ಕಥೆ ತಿಳಿಯುತ್ತಿತ್ತು.

ಬೆಂಗಳೂರು ತನ್ನ ಹಳೆಯ ಸುದ್ದಿಯನ್ನು ಹೀಗೆ ಸತ್ತವರ ಕಲ್ಲುಗಳಿಂದಲೇ ತಿಳಿಯಬೇಕಾಗಿದೆ. ಹೆಬ್ಬಾಳದಲ್ಲಿ 2018ರಲ್ಲಿ ಕಾಣಸಿಕ್ಕ ಕಲ್ಲು ಸುಮಾರು ಕ್ರಿ.ಶ. 750ರದು. ಗಂಗ ದೊರೆ ಶ್ರೀಪುರುಷ ಆಳುತ್ತಿದ್ದಾಗ ರಾಷ್ಟ್ರಕೂಟರ ಕಡೆಯವರು ಹೆಬ್ಬಾಳ ಸೀಮೆಯಾದ ಪೆರ್ಬೊಳಲ್ನಾಡಿನ ಮೇಲೆ ಬಿದ್ದರೆಂದೂ, ಕಿತ್ತಯ್ಯ ಎಂಬವನು ಕಾದಿ ಮಡಿದನೆಂದೂ ಅದು ಹೇಳುತ್ತದೆ. ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತು ಬಂದದ್ದೂ ವೀರಗಲ್ಲೇ. ಸುಮಾರು 890ರ ಬೇಗೂರಿನ ಆ ಕಲ್ಲಿನಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯವರು ‘ಬೆಂಗಳೂರ ಕಾಳಗ’ದಲ್ಲಿ ಸತ್ತ ಸಂಗತಿಯಿದೆ. ಕೆಲಕಾಲದ ಮೇಲೆ ನಾಗತ್ತರನ ಸರದಿಯೂ ಬಂತು. ಗಂಗ ದೊರೆ ಎರೆಯಪ್ಪ ಅವನನ್ನು ಅಯ್ಯಪದೇವನ ನೆರವಿಗೆ ಕಳಿಸಿದ. ವೀರಮಹೇಂದ್ರನ ಎದುರು ತುಂಬೆಪಾಡಿಯಲ್ಲಿ ಕಾದಿ ಆತ ಬಿದ್ದ. ಸುದ್ದಿ ಕೇಳಿದ ದೊರೆ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಆಡಳಿತ ವಿಭಾಗದ ಹಳ್ಳಿಗಳನ್ನು ಕೊಟ್ಟ. ಈ ಕಾಳಗವನ್ನು ಮೈತುಂಬ ಕೆತ್ತಿಸಿಕೊಂಡ ಬೇಗೂರಿನ ಬೇರೊಂದು ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ಸಂಗ್ರಹಾಲಯಕ್ಕೆ ಬಂದು ಸೇರಿದ ಇನ್ನೊಂದು ಕಲ್ಲು ಕೆಂಗೇರಿ ದಾರಿಯ ಕಡೆಯದು: ಮದ್ದೂರು ತಾಲ್ಲೂಕಿನ ಆತಕೂರಿನದು. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಬೇಕಾದ್ದು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಂದರ ಜೊತೆ ಸೆಣಸಿತು, ಎರಡೂ ಸತ್ತವು. ಸಾಮ್ರಾಜ್ಯಗಳ ಹಣೆಬರಹ ತಿದ್ದಿದ ಯುದ್ಧಕ್ಕೆ ಆ ಕಲ್ಲಿನಲ್ಲಿ ಸಿಕ್ಕಿದ್ದು ಬರೀ ಅಕ್ಷರ. ಚಿತ್ರದ ಚೌಕಟ್ಟು ದಕ್ಕಿದ್ದು ನಾಯಿಗೆ, ಹಂದಿಗೆ.

ಅಲ್ಲಿಂದ ಮುಂದೆ ಶ್ರೀರಂಗಪಟ್ಟಣ. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯಲ್ಲಿ ಯುದ್ಧಚಿತ್ರದ ಲೆಕ್ಕಾಚಾರವೇ ಬದಲಾಗುತ್ತದೆ. ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಇಂಗ್ಲಿಷ್ ಕರ್ನಲ್ ಬೈಲಿಯ ಪಡೆಯನ್ನು ಧೂಳೀಪಟ ಮಾಡಿದ ಚಿತ್ರ ಅದು. ಕೆಂಪಂಗಿಯ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ. ಸುತ್ತ ಮೈಸೂರಿನ ಕುದುರೆಗಳ ಸಾಲು. ಮದ್ದಿನ ಗಾಡಿ ಸಿಡಿಯುತ್ತಿದೆ. ಪಲ್ಲಕ್ಕಿಯೊಳಗಿನ ಬೈಲಿ ಬೆರಳು ಕಚ್ಚುತ್ತಿದ್ದಾನೆ. ಫ್ರೆಂಚ್ ದಳಪತಿ ಲಾಲಿ ದುರ್ಬೀನು ಹಿಡಿದಿದ್ದಾನೆ. ಯಾವ ಪಡೆ ಎಲ್ಲಿತ್ತು, ಯಾರು ಎತ್ತಲಿಂದ ನುಗ್ಗಿದರು ಎಂಬುದನ್ನು ಈಗಲೂ ಬೆರಳಿಟ್ಟು ತೋರಿಸಬಹುದು. ವೀರಗಲ್ಲಿನಲ್ಲಿ ಸತ್ತವನು ನಾಯಕ, ಇಲ್ಲಿ ಗೆದ್ದವನು.

1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಅರಮನೆಯಲ್ಲಿ ಬಿಡಾರ ಹೂಡಿದ್ದ ಆರ್ಥರ್ ವೆಲ್ಲೆಸ್ಲಿ ಚಿತ್ರಕ್ಕೆ ಮತ್ತೆ ಬಣ್ಣ ಹಾಕಿಸಿದ. 1855ರಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೊಮ್ಮೆ ದುರಸ್ತಿ ನಡೆಯಿತು. ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರವನ್ನು ಜೋಪಾನ ಮಾಡಿದ ಉದಾಹರಣೆ ಇದು. ಹತ್ತು ಹಾಳೆಗಳ ಮೇಲೆ ಬರೆದ, ಸುಮಾರು 32 ಅಡಿ ಉದ್ದದ ಇದರ ಇನ್ನೊಂದು ರೂಪ 2022ರಲ್ಲಿ ಲಂಡನ್ನಿನ ಸಾಥ್‌ಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು.

ಚೌಕಟ್ಟು ಕಲ್ಲು, ಗೋಡೆಗಳನ್ನು ಬಿಟ್ಟು ಕಾಗದಕ್ಕೆ ಇಳಿದಾಗಲೂ ಬೆಂಗಳೂರಿಗೆ ಅದರಲ್ಲಿ ಪಾಲಿತ್ತು. ‘ಅಮರ ಚಿತ್ರ ಕಥೆ’ ಮುಂಬೈಯ ಅನಂತ ಪೈ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಆದರೆ 1965ರಲ್ಲಿ ಅದರ ಮೊದಲ ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಿನ್ನರಕಥೆಗಳ ಕಾಮಿಕ್ಸನ್ನು ಕನ್ನಡಕ್ಕೆ ತಂದಿದ್ದರು. ಟಿಪ್ಪು, ಅಬ್ಬಕ್ಕರ ಯುದ್ಧಗಳು ಮಕ್ಕಳ ಕೈಗೆ ಬಂದದ್ದು ಆಮೇಲೆ.

ಇತ್ತ ನಗರ ಪಡುವಣಕ್ಕೆ ಹಬ್ಬಿತು. 1949ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಹುಟ್ಟಿದ ರಾಜಾಜಿನಗರದೊಳಗೆ ಕೇತಮಾರನಹಳ್ಳಿಯಂಥ ಹಳೆಯ ಊರುಗಳು ಸೇರಿಹೋದವು. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲೇ ಅಚ್ಚು ಮಾಡಿಸಿದ್ದರು; ಆ ಪುಸ್ತಕದಲ್ಲಿ ಉಳಿದ ಕಲ್ಲುಗಳೆಲ್ಲ ನೆಲದ ಮೇಲೆ ಉಳಿಯಲಿಲ್ಲ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಈಗ ಉಳಿದವನ್ನು ಹುಡುಕಿ, ಮೂರು ಆಯಾಮದ ಸ್ಕ್ಯಾನ್ ಮಾಡಿ ಕಾಪಿಡುತ್ತಿದೆ. ನಿಮ್ಮ ಬೀದಿಯ ಅರಳಿಕಟ್ಟೆಯಲ್ಲಿ ಅರಿಸಿನ ಕುಂಕುಮ ಬಳಿಸಿಕೊಂಡು ವಾಲಿ ನಿಂತ ಕಲ್ಲೊಂದಿದ್ದರೆ ಒಮ್ಮೆ ಬಗ್ಗಿ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಕಂಡರೆ ಮಿಥಿಕ್ ಸೊಸೈಟಿಯವರಿಗೊಂದು ಮಾತು ತಿಳಿಸಿ.