‘ಬಾರ್ನ್’ ಪದದ ಅರ್ಥಗಳು: ಕಣಜದಿಂದ ಬ್ಯಾರನ್‌ವರೆಗೆ

ಇಂಗ್ಲಿಷಿನ ‘ಬಾರ್ನ್’ ಎಂಬ ಪದಕ್ಕೆ ಕಣಜ, ಉಗ್ರಾಣ, ಕೊಟ್ಟಿಗೆ ಎಂಬುವು ಸಾಮಾನ್ಯವಾಗಿ ಹೇಳಲಾಗುವ ಕನ್ನಡ ಅರ್ಥಗಳು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ಭಾಗದ ತಂಬಾಕು ಬೆಳೆಗಾರರಿಗೆ ಈ ಮೂರೂ ಸಲ್ಲವು. ಅವರ ಬಾಯಲ್ಲಿ ಅದು ‘ಬ್ಯಾರನ್’. ಹಸಿ ಹೊಗೆಸೊಪ್ಪನ್ನು ಬಿಸಿಯಲ್ಲಿ ಹದಗೊಳಿಸುವ ಎತ್ತರದ ಕಟ್ಟಡ. ‘ಬ್ಯಾರನ್‌ಗೆ ಬೆಂಕಿ’ ಎಂಬ ಶೀರ್ಷಿಕೆಯ ಸುದ್ದಿಯನ್ನು ನಿಘಂಟಿನ ನೆರವಿನಿಂದ ಓದುವ ನಗರವಾಸಿ, ಹುಲ್ಲಿನ ಮನೆಯೊಂದು ಸುಟ್ಟುಹೋಯಿತೆಂದು ತಿಳಿದಾನು. ಅಲ್ಲಿ ಸುಟ್ಟದ್ದು ಬೇರೆಯೇ.

ಮೂಲದಲ್ಲಿ ಈ ಪದ ಧಾನ್ಯಕ್ಕೇ ಸೇರಿದ್ದು. ಹಳೆಯ ಇಂಗ್ಲಿಷಿನಲ್ಲಿ ‘ಬೆರೆ’ ಎಂದರೆ ಬಾರ್ಲಿ, ‘ಅರ್ನ್’ ಎಂದರೆ ಮನೆ. ಎರಡೂ ಕೂಡಿ ಬಾರ್ಲಿಯ ಮನೆ. ಕಾಲಕ್ರಮದಲ್ಲಿ ಹುಲ್ಲು, ಬೇಸಾಯದ ಸಲಕರಣೆಗಳೂ ಅದರೊಳಗೆ ಬಂದವು. ಅಮೆರಿಕದಲ್ಲಿ ದನ, ಕುದುರೆಗಳ ಲಾಯಕ್ಕೂ ಅದೇ ಹೆಸರಾಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ಪದಗಳು ‘ಗ್ರ್ಯಾನರಿ’, ‘ಶೆಡ್’, ‘ಸ್ಟೇಬಲ್’ ಮುಂತಾದವು. ಪರಮಾಣು ವಿಜ್ಞಾನದಲ್ಲೂ ‘ಬಾರ್ನ್’ ಎಂಬ ಅಳತೆಯಿದೆ. ಹತ್ತಿರದಲ್ಲಿದ್ದ ಬಾರ್ನಿನ ಗೋಡೆಗೂ ಗುರಿಯಿಟ್ಟು ಹೊಡೆಯಲಾರದವನೆಂದು ಅಮೆರಿಕನ್ನರು ಹಾಸ್ಯ ಮಾಡುವುದುಂಟು. ಆ ಮಾತನ್ನು ನೆನೆದು 1942ರಲ್ಲಿ ವಿಜ್ಞಾನಿಗಳು ಪರಮಾಣು ಬೀಜದ ಅಡ್ಡಕೊಯ್ತದ ಅಳತೆಗೆ ಈ ಹೆಸರಿಟ್ಟರು.

ಕನ್ನಡದ ಸಮಾನಪದಗಳಾದರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದಾದವಲ್ಲ. ಕಣಜ ನೆಲದ ಮೇಲಿನದು, ಧಾನ್ಯಕ್ಕೆ ಮೀಸಲು. ಹಗೇವು ನೆಲದೊಳಗಿನದು, ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಅದರಲ್ಲಿ ಹೂತಿಡುತ್ತಿದ್ದರು. ಉಗ್ರಾಣಕ್ಕೆ ದೇವಾಲಯ, ಮಠ, ಅರಮನೆಗಳ ವಾಸನೆಯಿದೆ. ಕೊಟ್ಟಿಗೆ ದನಗಳದು. ಕಾವೇರಿ ನಾಲೆಗಳ ನೀರಿನಿಂದ ‘ಭತ್ತದ ಕಣಜ’ ಎಂಬ ಹೆಸರು ಪಡೆದಿರುವ ಕೃಷ್ಣರಾಜನಗರ ತಾಲ್ಲೂಕಿನ ಮಳೆಯಾಶ್ರಿತ ಹೊಲಗಳ ಕಡೆಗೆ ಹೋದರೆ ಬ್ಯಾರನ್‌ಗಳು ಕಾಣುತ್ತವೆ. ಒಂದೇ ತಾಲ್ಲೂಕಿನಲ್ಲಿ ಎರಡು ಪದಗಳೂ ಇವೆ. ಒಂದನ್ನು ಇನ್ನೊಂದಕ್ಕೆ ಬಳಸುವವರು ಯಾರೂ ಇಲ್ಲ. ಕಣಜ ಇಡುವುದಕ್ಕೆ, ಬ್ಯಾರನ್ ಬೇಯಿಸುವುದಕ್ಕೆ.

ಬೇಯಿಸುವುದು ಎಂಬುದು ಅಲಂಕಾರದ ಮಾತಲ್ಲ. ಸಿಗರೇಟಿಗೆ ಬಳಸುವ ವರ್ಜಿನಿಯಾ ತಂಬಾಕನ್ನು ಬಿಸಿಲಲ್ಲಿ ಒಣಗಿಸಿದರೆ ಬೇಕಾದ ಬಣ್ಣ ಬಾರದು. ಎಲೆಗಳನ್ನು ಕೋಲುಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ; ಬಿಸಿಯು ನೆಲಮಟ್ಟದ ಕಬ್ಬಿಣದ ಕೊಳವೆಗಳಲ್ಲಿ ಹರಿಯುತ್ತದೆ, ಹೊಗೆ ಎಲೆಗೆ ತಾಗದೆ ಹೊರಹೋಗುತ್ತದೆ. ಹೊಗೆಸೊಪ್ಪಿಗೆ ಹೊಗೆಯೇ ತಾಗಬಾರದೆಂಬುದು ಸ್ವಾರಸ್ಯ. ಮೊದಲು ಮಂದ ಬಿಸಿಯಲ್ಲಿ ಎಲೆ ಹಳದಿಯಾಗಬೇಕು, ಅನಂತರ ಆ ಬಣ್ಣ ನಿಲ್ಲಬೇಕು, ಬಳಿಕ ಎಲೆಯ ಹಾಳೆ, ಕಡೆಗೆ ನಡುನರ ಒಣಗಬೇಕು. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಿಂದ ಆರಂಭವಾಗುವ ಬಿಸಿ 70 ಡಿಗ್ರಿಯ ಆಸುಪಾಸಿಗೆ ಏರುವ ವೇಳೆಗೆ ಐದಾರು ದಿನ ಕಳೆದಿರುತ್ತವೆ. ಅಷ್ಟೂ ರಾತ್ರಿ ಒಬ್ಬರು ಎಚ್ಚರವಾಗಿರಬೇಕು. ಬಿಸಿ ಅವಸರದಲ್ಲಿ ಏರಿದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ದರ್ಜೆ ಇಳಿಯುತ್ತದೆ. ‘ಒಂದು ಬ್ಯಾರನ್ ಸೊಪ್ಪು’ ಎಂದರೆ ಒಂದು ಸಲಕ್ಕೆ ತುಂಬುವಷ್ಟು ಎಲೆ. ಹೀಗೆ ಕಟ್ಟಡದ ಹೆಸರು ಅಳತೆಯೂ ಆಗಿದೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಪದದ ಕೊನೆಯಲ್ಲಿ ಎರಡು ವ್ಯಂಜನಗಳು ಸೇರಿ ನಿಲ್ಲುವುದು ಆಡುಗನ್ನಡಕ್ಕೆ ಒಗ್ಗದು. ‘ಫಾರ್ಮ್’ ಫಾರಂ ಆದಂತೆ, ‘ಫಿಲ್ಮ್’ ಫಿಲಂ ಆದಂತೆ ‘ಬಾರ್ನ್’ ಕೂಡ ನಡುವೆ ಸ್ವರವೊಂದನ್ನು ಪಡೆದು ಬ್ಯಾರನ್ ಆಗಿದೆ. ಇಂಗ್ಲೆಂಡಿನ ಶ್ರೀಮಂತರ ಬಿರುದಾದ ‘ಬ್ಯಾರನ್’ ಕೂಡ ಕನ್ನಡ ಲಿಪಿಯಲ್ಲಿ ಹೀಗೆಯೇ ಕಾಣುತ್ತದೆ. ಸಂದರ್ಭದಿಂದ ತಿಳಿಯಬೇಕಷ್ಟೆ, ಸಾಲದಲ್ಲಿರುವ ಬ್ಯಾರನ್ ಮಾಲೀಕನನ್ನು ಯಾರೂ ಶ್ರೀಮಂತನೆಂದು ಭಾವಿಸಲಾರರು.

ನಿಘಂಟುಗಳಲ್ಲಿ ಸಿಗದ ಇನ್ನೊಂದು ಅರ್ಥವೇ ಇಲ್ಲಿ ಹೆಚ್ಚು ತೂಕದ್ದು. 1975ರ ಕಾಯ್ದೆಯಂತೆ 1976ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ, ಗುಂಟೂರಿನಲ್ಲಿ ಕೇಂದ್ರ ಕಚೇರಿಯುಳ್ಳ ತಂಬಾಕು ಮಂಡಳಿಯಲ್ಲಿ ವರ್ಜಿನಿಯಾ ಬೆಳೆಗಾರ ನೋಂದಾಯಿಸಿಕೊಳ್ಳಬೇಕು; ಬ್ಯಾರನ್‌ಗೂ ಪರವಾನಗಿ ಬೇಕು. ಯಾರು ಎಷ್ಟು ಸೊಪ್ಪು ಮಾರಬಹುದೆಂಬ ಮಿತಿ ಪರವಾನಗಿಯೊಂದಿಗೆ ಗಂಟುಬಿದ್ದಿದೆ. ಆದಕಾರಣ ‘ನಮಗೆ ಎರಡು ಬ್ಯಾರನ್ ಇವೆ’ ಎಂಬ ಮಾತು ಎರಡು ಕಟ್ಟಡಗಳನ್ನಷ್ಟೇ ಅಲ್ಲ, ಎರಡು ಪರವಾನಗಿಗಳನ್ನೂ ಸೂಚಿಸಬಹುದು. ‘ಅನಧಿಕೃತ ಬ್ಯಾರನ್’ ಎಂದರೆ ಕಟ್ಟಡ ಸರಿಯಿಲ್ಲವೆಂದಲ್ಲ, ಕಾಗದ ಇಲ್ಲವೆಂದು. ಕರ್ನಾಟಕದಲ್ಲಿ ಮಂಡಳಿಯ ಹರಾಜು 1984ರಲ್ಲಿ ಆರಂಭವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದ ಹರಾಜು ಮಾರುಕಟ್ಟೆಗಳಲ್ಲಿ ಬೇಲ್ ಇಡಬೇಕಾದರೆ ಈ ಕಾಗದವೇ ಆಧಾರ. ಮಿತಿ ಮೀರಿದ, ಪರವಾನಗಿಯಿಲ್ಲದ ಸೊಪ್ಪಿಗೆ ಕೇಂದ್ರ ಸರ್ಕಾರ ಆಗಾಗ ದಂಡ ವಿಧಿಸಿ, ಕೆಲವೊಮ್ಮೆ ದಂಡದಲ್ಲಿ ವಿನಾಯಿತಿ ನೀಡಿ ಮಾರಾಟಕ್ಕೆ ಅವಕಾಶ ಕೊಟ್ಟದ್ದುಂಟು. ವರ್ಷಕ್ಕೊಮ್ಮೆ ನವೀಕರಿಸಬೇಕಿದ್ದ ನೋಂದಣಿ ಹಾಗೂ ಪರವಾನಗಿಯ ಅವಧಿಯನ್ನು 2025ರಲ್ಲಿ ಮೂರು ವರ್ಷಕ್ಕೆ ವಿಸ್ತರಿಸಲಾಯಿತು.

ಈಗ ಬೆಂಕಿಯ ಸುದ್ದಿಗೆ ಮರಳೋಣ. ಒಣಗಿದ ಎಲೆಯೊಂದು ಕೋಲಿನಿಂದ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ತುಂಬಿದ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಎಲೆ ಪೂರ್ತಿ ಒಣಗಿರುವ ಕಡೆಯ ಹಂತದಲ್ಲೇ ಅಪಾಯ ಹೆಚ್ಚು. ಅಂದರೆ ಗೊಬ್ಬರ, ಕೂಲಿ, ಸೌದೆಗಳ ಖರ್ಚೆಲ್ಲ ಆದ ಮೇಲೆ. ಸೌದೆಯ ಖರ್ಚೇನೂ ಸಣ್ಣದಲ್ಲ: ಹಳೆಯ ಮಾದರಿಯ ಬ್ಯಾರನ್‌ನಲ್ಲಿ ಒಂದು ಕಿಲೋ ಹದವಾದ ಸೊಪ್ಪಿಗೆ ಸಾಮಾನ್ಯವಾಗಿ ನಾಲ್ಕೈದು ಕಿಲೋ ಸೌದೆ ಬೇಕು. ನಾಗರಹೊಳೆ, ಬಂಡೀಪುರಗಳ ಅಂಚಿನ ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಿ ಈ ಲೆಕ್ಕಕ್ಕೆ ಕಾಡಿನ ಕಡೆಯಿಂದಲೂ ಅರ್ಥವಿದೆ. ಕಟ್ಟಡದೊಂದಿಗೆ ಒಂದು ಬ್ಯಾರನ್ ಸೊಪ್ಪು ಸುಡುತ್ತದೆ. ಹೊಲದಲ್ಲಿ ಹಣ್ಣಾಗುತ್ತಿರುವ ಉಳಿದ ಎಲೆಯನ್ನು ಹದ ಮಾಡಲು ನೆರೆಯವರ ಬ್ಯಾರನ್ ಬಿಡುವಾಗುವುದನ್ನು ಕಾಯಬೇಕಾಗುತ್ತದೆ, ಎಲೆ ಅಷ್ಟು ದಿನ ಕಾಯದು.

‘ಹದಗೃಹ’ದಂಥ ಪದವನ್ನು ಟಂಕಿಸಬಹುದಾದರೂ ಅದರ ಅಗತ್ಯ ಕಾಣದು. ಬ್ಯಾರನ್ನು, ಬ್ಯಾರನ್ನಿನಲ್ಲಿ, ಬ್ಯಾರನ್‌ಗಳು ಎಂದು ವಿಭಕ್ತಿ, ಬಹುವಚನಗಳನ್ನೆಲ್ಲ ಪಡೆದು ಪದ ಕನ್ನಡದ್ದೇ ಆಗಿದೆ. ಅನುವಾದಕರು ಮೈಸೂರು ಜಿಲ್ಲೆಯ ತಂಬಾಕಿನ ವರದಿಗಳಲ್ಲಿ ‘ಕಣಜ’ವನ್ನು ಬಿಟ್ಟು ಇದನ್ನೇ ಉಳಿಸಿಕೊಳ್ಳುವುದು ಲೇಸು.