ಎಂಜಿ: ಹೆಸರು ಉಳಿಯಿತು, ಊರಿನ ಕೆಲಸ ಹೋಯಿತು

ಎಂಟು ಮೂಲೆಯ ಚೌಕಟ್ಟಿನೊಳಗೆ ‘ಎಂಜಿ’ ಎಂದು ಬರೆದ ಕಾರುಗಳನ್ನು ನೀವೂ ರಸ್ತೆಯಲ್ಲಿ ನೋಡಿರುತ್ತೀರಿ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿದ್ದ ಗ್ಯಾರೇಜಿನ ಹೆಸರು ಅದು.

ಅದರ ಮಾಲೀಕ ವಿಲಿಯಂ ಮಾರಿಸ್, ಹದಿನಾರನೇ ವಯಸ್ಸಿನಲ್ಲಿ ನಾಲ್ಕು ಪೌಂಡ್ ಬಂಡವಾಳ ಹಾಕಿ ಸೈಕಲ್ ರಿಪೇರಿ ಶುರು ಮಾಡಿದವರು. ಮುಂದೆ ದೊಡ್ಡ ಕಾರು ಕಂಪನಿಯನ್ನೇ ಕಟ್ಟಿದರು. 1922ರಲ್ಲಿ ಗ್ಯಾರೇಜಿನ ಮ್ಯಾನೇಜರ್ ಆದ ಸೆಸಿಲ್ ಕಿಂಬರ್, ಮಾರಿಸ್ ಕಾರಿನ ಚಾಸಿ ಮೇಲೆ ಹಗುರವಾದ, ಅಂದವಾದ ಬಾಡಿ ಕೂರಿಸಿ ಮಾರತೊಡಗಿದರು. ಎಂಜಿ ಹುಟ್ಟಿದ್ದು ಹೀಗೆ. 1929ರಲ್ಲಿ ಮಾರುಕಟ್ಟೆಗೆ ಬಂದ ಮಿಡ್ಜೆಟ್ ಕಾರಿನ ಎಂಜಿನ್ ಬರೀ 847 ಸಿಸಿ. ಸ್ಪೋರ್ಟ್ಸ್ ಕಾರು ಶ್ರೀಮಂತರಿಗೆ ಮಾತ್ರ ಎಂಬ ಮಾತನ್ನು ಅದು ಸುಳ್ಳು ಮಾಡಿತು.

ಅದೇ ವರ್ಷ ಕಂಪನಿ ಪಕ್ಕದ ಅಬಿಂಗ್ಡನ್ ಊರಿಗೆ ಬಂತು. ಚರ್ಮದ ಕಾರ್ಖಾನೆಯ ಖಾಲಿ ಕಟ್ಟಡವೇ ಕಾರಿನ ಕಾರ್ಖಾನೆಯಾಯಿತು. ಅಲ್ಲಿಂದ ಐವತ್ತು ವರ್ಷ ಆ ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಎಂಜಿ ಸಂಬಳದಿಂದ.

ಕಟ್ಟಿದ ಕಿಂಬರ್‌ಗೇ ಅಲ್ಲಿ ಕೊನೆತನಕ ಜಾಗ ಸಿಗಲಿಲ್ಲ. 1941ರಲ್ಲಿ ಅವರನ್ನು ಕೆಲಸದಿಂದ ತೆಗೆದರು. 1945ರಲ್ಲಿ ಲಂಡನ್ನಿನ ರೈಲು ಅಪಘಾತದಲ್ಲಿ ತೀರಿಕೊಂಡರು.

ಎರಡನೇ ಮಹಾಯುದ್ಧದ ನಂತರ ಎಂಜಿ ಕಾರುಗಳಿಗೆ ಅಮೆರಿಕದಲ್ಲಿ ಭಾರೀ ಬೇಡಿಕೆ ಬಂತು. 1962ರಲ್ಲಿ ಬಂದ ಎಂಜಿಬಿ ಮಾದರಿ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಆದರೆ 1968ರಲ್ಲಿ ಹಲವು ಕಂಪನಿಗಳು ಸೇರಿ ಬ್ರಿಟಿಷ್ ಲೇಲ್ಯಾಂಡ್ ಆದಾಗ ಎಂಜಿಯೂ ಅದರೊಳಗೆ ಸೇರಿಹೋಯಿತು. ಒಂದೇ ಮನೆಯ ಇನ್ನೊಂದು ಹೆಸರಾದ ಟ್ರಯಂಫ್‌ಗೆ ಹೊಸ ಸ್ಪೋರ್ಟ್ಸ್ ಕಾರು ಸಿಕ್ಕಿತು. ಎಂಜಿಬಿ ಮಾತ್ರ ಹದಿನೆಂಟು ವರ್ಷ ಹಳೇ ವಿನ್ಯಾಸದಲ್ಲೇ ಓಡಿತು. ಪೌಂಡ್ ಬೆಲೆ ಏರಿದಾಗ ಅಮೆರಿಕದ ಮಾರಾಟದಲ್ಲಿ ನಷ್ಟವಾಯಿತು.

1979ರ ಸೆಪ್ಟೆಂಬರ್‌ನಲ್ಲಿ ಅಬಿಂಗ್ಡನ್ ಜನ ಎಂಜಿ ತಮ್ಮೂರಿಗೆ ಬಂದ ಐವತ್ತನೇ ವರ್ಷವನ್ನು ಹಬ್ಬದಂತೆ ಆಚರಿಸಿದರು. ಅದರ ಬೆನ್ನಿಗೇ, 10ರ ಸೋಮವಾರ, ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಪ್ರತಿಭಟನೆ ನಡೆಯಿತು. ಕೊಳ್ಳಲು ಒಂದು ಗುಂಪು ಮುಂದೆ ಬಂದರೂ ಮಾತುಕತೆ ಕುದುರಲಿಲ್ಲ. 1980ರ ಅಕ್ಟೋಬರ್‌ನಲ್ಲಿ ಬಾಗಿಲು ಬಿತ್ತು.

ಹೆಸರಿಗೆ ಮಾತ್ರ ಗಿರಾಕಿಗಳಿದ್ದರು. 2005ರಲ್ಲಿ ಎಂಜಿ ರೋವರ್ ಕಂಪನಿ ದಿವಾಳಿಯಾದಾಗ ಬರ್ಮಿಂಗ್‌ಹ್ಯಾಮಿನ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಹೆಸರು ಚೀನಾ ಕಂಪನಿಯ ಪಾಲಾಯಿತು. 2019ರಲ್ಲಿ ಗುಜರಾತಿನ ಹಾಲೋಲ್‌ನಲ್ಲಿ ತಯಾರಾದ ಹೆಕ್ಟರ್ ಕಾರಿನ ಮೂಲಕ ಎಂಜಿ ಭಾರತದ ಮಾರುಕಟ್ಟೆಗೆ ಬಂತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವ ಜೆಎಸ್‌ಡಬ್ಲ್ಯೂ ಸಮೂಹವೂ ಈಗ ಇಲ್ಲಿನ ಎಂಜಿಯಲ್ಲಿ ಪಾಲುದಾರ.

ಅಬಿಂಗ್ಡನ್ ಜನರ ಕೈಕೆಲಸವೇ ಆ ಎರಡು ಅಕ್ಷರಕ್ಕೆ ಬೆಲೆ ತಂದಿತ್ತು. ಹೆಸರು ಕೈ ಬದಲಾದಾಗ ಅವರ ಪಾಲು ಎಷ್ಟು ಎಂದು ಯಾರೂ ಕೇಳಲಿಲ್ಲ. ನಮ್ಮ ಊರುಗಳ ಪಕ್ಕದಲ್ಲೂ ಕಾರ್ಖಾನೆಗಳು ಏಳುತ್ತಿವೆ. ಈ ಪ್ರಶ್ನೆಯನ್ನು ಬಾಗಿಲು ಬೀಳುವ ಮೊದಲೇ ಕೇಳಬೇಕು.