ಲಂಡನ್ನಿನ ಪಿಯಾನೊ, ಮೈಸೂರಿನ ಹಣ

ರಷ್ಯದ ಸಂಗೀತ ರಚನಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ (1880–1951) ಹುಟ್ಟಿದ್ದು ತಡವಾಯಿತೇನೋ. ಸುತ್ತಲಿನವರೆಲ್ಲ ಹೊಸ ಸಂಗೀತದ ಬೆನ್ನು ಹತ್ತಿದ್ದಾಗ ಇವರು ಹತ್ತೊಂಬತ್ತನೇ ಶತಮಾನದ ರೊಮ್ಯಾಂಟಿಕ್ ಶೈಲಿಯನ್ನು ಬಿಡಲಿಲ್ಲ. ನವ್ಯರನ್ನು ಟೀಕಿಸಿ 1935ರಲ್ಲಿ ಪುಸ್ತಕವನ್ನೇ ಬರೆದರು. ಗೆಳೆಯ, ಸಂಗೀತ ರಚನಕಾರ ರಾಖ್ಮನಿನಾಫ್‌ಗೆ ಸಿಕ್ಕ ಹೆಸರು ಇವರಿಗೆ ಸಿಗಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ ಮೇಲೆ ಕೈ ಬರಿದಾಯಿತು, ಹೃದಯವೂ ಕೈಕೊಟ್ಟಿತು.

ಆಗ ನೆರವಿಗೆ ಬಂದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಅವರೇ ಪಿಯಾನೊವನ್ನೂ ಬಲ್ಲವರು. ಅವರು ಕೊಟ್ಟ ಹಣದಿಂದ ಮೆಟ್ನರ್ ರಚನೆಗಳನ್ನು ಧ್ವನಿಮುದ್ರಿಸಲು ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್‌ಎಂವಿ ಎಂಬ ಗ್ರಾಮಫೋನ್ ಕಂಪನಿಗಾಗಿ ಧ್ವನಿಮುದ್ರಣ ನಡೆಯಿತು: ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ಮೂರೂ ಕಂಚೆರ್ಟೊಗಳು, ಹಾಡುಗಳು, ಮತ್ತು ಪಿಯಾನೊ ಒಂದಕ್ಕೇ ಬರೆದ 'ಕಥೆ'ಗಳು.

ಈ ಕಥೆಗಳಿಗೇ ಮೊದಲು ಕಿವಿಗೊಡಿ. ಪಾತ್ರವಿಲ್ಲ, ಮಾತಿಲ್ಲ; ಎಡಗೈ ಒಂದು ಲಯದಲ್ಲಿ ನಡೆಯುತ್ತಿದ್ದರೆ ಬಲಗೈ ಇನ್ನೊಂದರಲ್ಲಿ ಜಗಳ ತೆಗೆಯುತ್ತದೆ. ಆಗಿನ, ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಪುಟ್ಟ ಕಥೆಗಳಿಗೆ ಅದು ಅಳೆದಂತೆ ಹೊಂದಿತು. ಸೊನಾಟಾಗಳಂಥ ದೀರ್ಘ ರಚನೆಗಳನ್ನು ಮಾತ್ರ ತುಂಡು ಮಾಡಿ ಮುದ್ರಿಸಬೇಕಿತ್ತು, ಕೇಳುವವರು ನಡುವೆ ಎದ್ದು ತಟ್ಟೆ ತಿರುಗಿಸಬೇಕಿತ್ತು. ನುಡಿಸುವಾಗ ತಪ್ಪಿದರೆ ಆ ಮಗ್ಗುಲನ್ನು ಮೊದಲಿಂದ ನುಡಿಸುವುದೇ ದಾರಿ. ಅರವತ್ತು ದಾಟಿದ, ಹೃದಯರೋಗದ ವಾದಕನಿಗೆ ಅದು ಸಣ್ಣ ಮಾತಲ್ಲ. ಆದರೂ ನುಡಿಸಾಣಿಕೆಯಲ್ಲಿ ಅಂಜಿಕೆಯ ಸುಳಿವಿಲ್ಲ.

ಮೆಟ್ನರ್ ತಮ್ಮ ಮೂರನೆಯ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು.